ಸತ್ಯಾಂಶ: ಡಿಫರೆನ್ಷಿಯಲ್ ಶಬ್ದಕ್ಕೆ ಮರದ ಹೊಟ್ಟು ಮದ್ದಲ್ಲ

ಪಿಕಪ್‌ನ ಹಿಂದಿನ ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಹಿಂದಿನ ಎರಡೂ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಶಬ್ದ ಮಾಡಿದರೆ ಆಯಿಲ್ ಜೊತೆ ಮರದ ಹೊಟ್ಟೋ ಬಾಳೆಹಣ್ಣಿನ ಸಿಪ್ಪೆಯೋ ಹಾಕಿ, ರಿಪೇರಿ ಖರ್ಚು ಉಳಿಯುತ್ತದೆ ಅನ್ನುವ ಮೆಸೇಜ್ ಆಗಾಗ ಬರುತ್ತದೆ. ಕಳಿಸುವವರ ಮನಸ್ಸು ಒಳ್ಳೆಯದೇ. ದೊಡ್ಡ ಬಿಲ್ ಯಾರಿಗೆ ಬೇಕು, ಅಲ್ವಾ? ಆದರೆ ಕಾಫಿ ಮೂಟೆ ಹೇರಿಕೊಂಡು ಸಂಪಾಜೆ ಘಾಟಿ ಇಳಿಯುವ ಗಾಡಿಗೆ ಇದನ್ನು ಖಂಡಿತ ಮಾಡಬೇಡಿ.

ಶಬ್ದ ಸ್ವಲ್ಪ ದಿನ ತಗ್ಗಬಹುದು. ಸವೆತ ಮಾತ್ರ ನಿಲ್ಲುವುದಿಲ್ಲ. ಒಳಗೆ ಕ್ರೌನ್ ಅನ್ನುವ ದೊಡ್ಡ ಗೇರ್ ತಿರುಗುತ್ತಾ ಆಯಿಲ್ ಎರಚುತ್ತದೆ, ಬೇರಿಂಗ್‌ಗಳಿಗೆ ಆಯಿಲ್ ಸಿಗುವುದೇ ಹಾಗೆ. ಹೊಟ್ಟು ಆ ದಾರಿಯನ್ನು ಕಟ್ಟುತ್ತದೆ. ಬೇರಿಂಗ್ ಬದಲಿಸಿ ಮುಗಿಯಬಹುದಾದ ಕೆಲಸ ಆಮೇಲೆ ಕ್ರೌನ್ ಮತ್ತು ಅದನ್ನು ತಿರುಗಿಸುವ ಚಿಕ್ಕ ಗೇರ್ ಆದ ಪಿನಿಯನ್‌ವರೆಗೂ ಹೋಗುತ್ತದೆ. ಅವೆರಡನ್ನೂ ಜೋಡಿಯಾಗಿಯೇ ಹೊಂದಿಸಿರುತ್ತಾರೆ, ಹಾಗಾಗಿ ಬದಲಿಸುವುದೂ ಜೋಡಿಯಾಗಿಯೇ.

ನೀವೇ ನೋಡಬಹುದು. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ತಣ್ಣಗಾದ ಮೇಲೆ ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ ಬೆರಳು ಹಾಕಿ. ಸಾಮಾನ್ಯವಾಗಿ ಆಯಿಲ್ ತೂತಿನ ಅಂಚಿನವರೆಗೆ ಇರಬೇಕು. ಹಾಲು ಹಾಕಿದ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ ಎಂದರ್ಥ. ನಮ್ಮ ಮಳೆಗಾಲದಲ್ಲಿ ತೋಡು ದಾಟುವ ಗಾಡಿಗಳಿಗೆ ಇದು ಆಗುವಂಥದ್ದೇ. ಬೂದು ಬಣ್ಣದ ನುಣುಪು ಪೇಸ್ಟ್ ಸ್ವಲ್ಪ ಇದ್ದರೆ ಗಾಬರಿ ಬೇಡ. ಉಗುರಿಗೆ ಸಿಗುವಂಥ ಕಬ್ಬಿಣದ ಚೂರು ಬಂದರೆ ಬಿಚ್ಚಿಸಲೇಬೇಕು.

ಇಂಥ ಮೆಸೇಜ್ ಬಂದಾಗ ಯಾವ ಗಾಡಿ, ಯಾವ ಗ್ರೇಡ್ ಆಯಿಲ್ ಎಂದು ಬರೆದಿದೆಯಾ ನೋಡಿ. ಗಾಡಿ ಜೊತೆ ಬಂದ ಪುಸ್ತಕದಲ್ಲಿ ಎರಡೂ ಇರುತ್ತವೆ, ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು ಅನ್ನುವುದೂ.