ಎರೆಮಣ್ಣಿನ ಕೈತೋಟಕ್ಕೆ ಬೂದಿ, ಸುಣ್ಣ ಬೇಡ: ಸ್ಪಷ್ಟನೆ

ಟೊಮೆಟೊ, ಬದನೆ, ಮೆಣಸಿನ ಗಿಡಗಳ ಎಲೆ ಹಳದಿಯಾದರೆ ವಾರಕ್ಕೊಮ್ಮೆ ಬುಡಕ್ಕೆ ಹಿಡಿ ಬೂದಿ ಮತ್ತು ಒಂದು ಚಮಚ ಸುಣ್ಣ ಹಾಕಬೇಕು, ಇದು ಎಲ್ಲ ಮಣ್ಣಿಗೂ ಒಗ್ಗುವ ಸಾವಯವ ಉಪಾಯ ಎಂಬ ಸಂದೇಶವೊಂದು ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ನಮ್ಮ ಎರೆಮಣ್ಣಿಗೆ, ಅಂದರೆ ಕಪ್ಪು ಜಿಗುಟು ಮಣ್ಣಿಗೆ, ಈ ಸಲಹೆ ತಪ್ಪು.

ಕರಾವಳಿ, ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಕೊಡುವುದು ಸರಿಯಾದ ಕ್ರಮವೇ. ಅಲ್ಲಿಯ ಭಾರಿ ಮಳೆಗೆ ಮಣ್ಣಿನ ಸುಣ್ಣದಂಶ ತೊಳೆದುಹೋಗಿರುತ್ತದೆ. ಆದರೆ ಕಲಬುರಗಿ, ಯಾದಗಿರಿ ಕಡೆಯ ತೊಗರಿ ಬೆಳೆಯುವ ಎರೆಮಣ್ಣು ಸಹಜವಾಗಿಯೇ ಕ್ಷಾರೀಯವಾಗಿದ್ದು, ಅದರ ರಸಸಾರ (ಹುಳಿ-ಕ್ಷಾರದ ಅಳತೆಯಾದ ಪಿಎಚ್; 7 ಮೀರಿದರೆ ಕ್ಷಾರೀಯ) ಸಾಮಾನ್ಯವಾಗಿ 7.5ರಿಂದ 8.5ರ ಆಸುಪಾಸಿನಲ್ಲಿರುತ್ತದೆ. ಅಗೆಯುವಾಗ ಸಿಗುವ ಬಿಳಿ ಸುಣ್ಣದ ಹರಳಿನ ಮೇಲೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಏಳುವುದನ್ನು ಯಾರು ಬೇಕಾದರೂ ನೋಡಬಹುದು. ಇಂಥ ಮಣ್ಣಿಗೆ ಮತ್ತೆ ಸುಣ್ಣ, ಅದರಂತೆಯೇ ಕ್ಷಾರಗುಣವಿರುವ ಬೂದಿ ಸೇರಿಸುತ್ತಾ ಹೋದರೆ, ಮಣ್ಣಿನಲ್ಲಿ ಕಬ್ಬಿಣ, ಸತು ಇದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆಯ ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುವುದು ಕಬ್ಬಿಣದ ಕೊರತೆಯ ಗುರುತು; ಬೂದಿಯಿಂದ ಅದು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕೆಳಗಿನ ಹಳೆಯ ಎಲೆಗಳು ಪೂರ್ತಿ ಹಳದಿಯಾಗಿದ್ದರೆ ಸಾರಜನಕದ ಕೊರತೆ ಇರಬಹುದು, ಆದರೆ ಬೂದಿಯಲ್ಲಿ ಸಾರಜನಕ ಬಹುತೇಕ ಇರುವುದೇ ಇಲ್ಲ. ಸುಡುವಾಗಲೇ ಅದು ಹಾರಿಹೋಗಿರುತ್ತದೆ.

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಕೊಟ್ಟು, ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದೇ ಇಲ್ಲಿ ಮೊದಲ ಕೆಲಸ. ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣಿನ ಮಾತು ಬೇರೆ. ಅಲ್ಲಿಯವರು ಮಣ್ಣು ಪರೀಕ್ಷೆ ಮಾಡಿಸಿಯೇ ನಿರ್ಧರಿಸುವುದು ಒಳ್ಳೆಯದು.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ; ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.