ಬಂಗಾರದ ಬಕಲ್ಲಿನ ವಿಮಾನ, ಬಾಕಿದಾರನ ವಿಮಾನ

ಅಮೆರಿಕದ ಮೆಂಫಿಸ್‌ನಲ್ಲಿ ಮನೆ ಮಾಡಿರುವ ಕನ್ನಡಿಗರಿಗೆಲ್ಲ ಒಂದು ಕರ್ಮ ಅಂಟಿಕೊಂಡಿದೆ. ಊರಿನಿಂದ ಯಾರೇ ಬಂದರೂ ಎಲ್ವಿಸ್ ಪ್ರೀಸ್ಲಿಯ ಗ್ರೇಸ್‌ಲ್ಯಾಂಡ್ ತೋರಿಸಬೇಕು. ಅವನ ಒಂದು ಹಾಡನ್ನೂ ಕೇಳದವರು ಕೂಡ ಅವನ ಮನೆ ನೋಡದೆ ಹೋಗುವುದಿಲ್ಲ. ಹೋದ ಬೇಸಿಗೆಯಲ್ಲಿ ಅಮ್ಮನ ಸರದಿ. ಮನೆ ಅವಳಿಗೆ ಹಿಡಿಸಲಿಲ್ಲ. "ಇಷ್ಟು ಕನ್ನಡಿ ಒರೆಸುವವರು ಯಾರೋ" ಎಂದು ಗೊಣಗುತ್ತ ಹೊರಗೆ ಬಂದಳು. ರಸ್ತೆಯಾಚೆ ನಿಲ್ಲಿಸಿರುವ ವಿಮಾನದೊಳಗೆ ಮಾತ್ರ ಹಿಂದೆ ನಿಂತವರು ಕೆಮ್ಮುವ ತನಕ ನಿಂತಳು.

ಅದು ಮಗಳ ಹೆಸರಿಟ್ಟ ವಿಮಾನ, 'ಲೀಸಾ ಮೇರಿ'. ಡೆಲ್ಟಾ ಕಂಪನಿಯಲ್ಲಿ ದುಡಿದು ಹಳೆಯದಾಗಿದ್ದ ಕಾನ್ವೇರ್ 880. ಎಲ್ವಿಸ್ ಅದನ್ನು 1975ರಲ್ಲಿ ಎರಡೂವರೆ ಲಕ್ಷ ಡಾಲರಿಗೆ ಕೊಂಡ. ಆಮೇಲೆ ಕೊಂಡ ಬೆಲೆಗಿಂತ ಹೆಚ್ಚು ಹಣ ಸುರಿದು ಒಳಗನ್ನು ಅಲಂಕರಿಸಿದ. ಸೀಟ್ ಬೆಲ್ಟಿನ ಬಕಲ್ಲಿಗೆ ಚಿನ್ನದ ಲೇಪ, ಕೈ ತೊಳೆಯುವ ಬೋಗುಣಿಯಲ್ಲಿ ಚಿನ್ನದ ಚುಕ್ಕೆ, ಬಾಲದ ಮೇಲೆ ಮಿಂಚಿನ ಗುರುತು. ಮಲಗುವ ಕೋಣೆಯಲ್ಲಿ ದೊಡ್ಡ ಮಂಚ, ಅದಕ್ಕೂ ಅಡ್ಡಲಾಗಿ ಒಂದು ಬೆಲ್ಟ್. ಅಮ್ಮ ನಿಂತದ್ದು ಅಲ್ಲೇ. "ನಿದ್ದೆಯಲ್ಲೂ ಕಟ್ಟಿಕೊಳ್ಳಬೇಕೇನೋ? ಪಾಪ" ಎಂದಳು. 1976ರಲ್ಲಿ ಒಂದು ರಾತ್ರಿ, ಕಡಲೆಕಾಯಿ ಬೆಣ್ಣೆ, ದ್ರಾಕ್ಷಿ ಜಾಮ್, ಹಂದಿಮಾಂಸ ತುಂಬಿದ ಬ್ರೆಡ್ಡಿನ ಆಸೆಗೆ ಇದೇ ವಿಮಾನವನ್ನು ಡೆನ್ವರಿಗೆ ಹಾರಿಸಿ, ನಿಲ್ದಾಣದಲ್ಲೇ ತಿಂದು ವಾಪಸು ಬಂದನಂತೆ ಎಂದು ಹೇಳಿದಾಗ ಆ 'ಪಾಪ' ಹಿಂದಕ್ಕೆ ಹೋಯಿತು.

1977ರಲ್ಲಿ ಎಲ್ವಿಸ್ ತೀರಿಕೊಂಡ ಮೇಲೆ ವಿಮಾನ ಮಾರಾಟವಾಗಿ, 1984ರಲ್ಲಿ ಮತ್ತೆ ಗ್ರೇಸ್‌ಲ್ಯಾಂಡ್ ಸೇರಿತು. 2015ರಲ್ಲಿ ಹರಾಜಿಗೂ ಬಂತು. ಅಭಿಮಾನಿಗಳು ಗದ್ದಲ ಎಬ್ಬಿಸಿದರು, ಮಾತುಕತೆಯಾಯಿತು, ವಿಮಾನ ಅಲ್ಲೇ ಉಳಿಯಿತು. ಹಾರುವುದನ್ನು ಬಿಟ್ಟ ಮೇಲೆ ಅದು ಹೊತ್ತಿರುವ ಜನರ ಲೆಕ್ಕ ಹಾರುತ್ತಿದ್ದಾಗಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಇಲ್ಲಿಗೆ ಬಂದ ನಮ್ಮವರ ಬಾಯಲ್ಲಿ ಮುಂದಿನ ಮಾತು ಸಿದ್ಧವಾಗಿರುತ್ತದೆ. "ನೋಡಿ, ಅಮೆರಿಕದವರು ಹೇಗೆ ಕಾಪಾಡಿಕೊಳ್ಳುತ್ತಾರೆ. ನಮ್ಮಲ್ಲಿ ಮಲ್ಯ ವಿಮಾನದ ಗತಿ ಏನಾಯಿತು?" ಸಂಘದ ಊಟದ ಸಾಲಿನಲ್ಲಿ ಈ ಮಾತನ್ನು ನಾನೂ ಆಡಿದ್ದೇನೆ. ಈಗ ಆಡುವುದಿಲ್ಲ.

ವಿಜಯ ಮಲ್ಯರ ಏರ್‌ಬಸ್ ಎ319ರ ನೋಂದಣಿ ವಿಟಿ-ವಿಜೆಎಂ. ವಿಟಿ ಭಾರತದ ಗುರುತು, ಉಳಿದ ಮೂರಕ್ಷರ ಯಾರದೆಂದು ಹೇಳಬೇಕಾಗಿಲ್ಲ. ಮಲಗುವ ಕೋಣೆ, ಸ್ನಾನದ ಮನೆ, ಬಾರ್ ಎಲ್ಲವೂ ಅದರಲ್ಲಿದ್ದವು. ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ನೆಲ ಹಿಡಿಯಿತು. ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. 2013ರ ಡಿಸೆಂಬರಿನಲ್ಲಿ ಸೇವಾ ತೆರಿಗೆ ಇಲಾಖೆ ಬಾಕಿಗಾಗಿ ಈ ವಿಮಾನವನ್ನು ಜಪ್ತಿ ಮಾಡಿ ಮುಂಬೈ ನಿಲ್ದಾಣದಲ್ಲಿ ನಿಲ್ಲಿಸಿತು. ಮೊದಲ ಹರಾಜಿನಲ್ಲಿ ಇಲಾಖೆ ಇಟ್ಟ ಕನಿಷ್ಠ ಬೆಲೆ 152 ಕೋಟಿ, ಬಂದ ಸವಾಲು 1.09 ಕೋಟಿ! ಕಾಲಿಡಲು ಜಾಗವಿಲ್ಲದ ನಿಲ್ದಾಣದಲ್ಲಿ ಇದೊಂದು ಬೆಳ್ಳಾನೆ ಎಂದು ನಿಲ್ದಾಣದವರು ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದರು. ಕೊನೆಗೆ 2018ರಲ್ಲಿ ಫ್ಲೋರಿಡಾದ ಒಂದು ಕಂಪನಿ 34.8 ಕೋಟಿಗೆ ಕೊಂಡಿತು. ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಖಡ್ಗ, 2009ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಗಾಂಧೀಜಿಯ ಕನ್ನಡಕ ಕೊಂಡು ನಮ್ಮಿಂದ ಚಪ್ಪಾಳೆ ಗಿಟ್ಟಿಸಿದವರ ಸ್ವಂತ ವಿಮಾನಕ್ಕೆ ಹರಾಜಿನಲ್ಲಿ ಇಂಥ ಪಾಡು.

ಇದನ್ನು ವಸ್ತುಸಂಗ್ರಹಾಲಯ ಮಾಡಬೇಕಿತ್ತೇ? ಸಂಬಳ ಸಿಗದ ಗಗನಸಖಿ ಟಿಕೆಟ್ ಕೊಂಡು ಆ ಬಾರ್ ನೋಡಲು ಹೋಗಬೇಕಿತ್ತೇ? ಎಲ್ವಿಸ್ ಹಿಂದೆ ಬಿಟ್ಟುಹೋದದ್ದು ಅಭಿಮಾನಿಗಳನ್ನು, ಮಲ್ಯ ಬಿಟ್ಟುಹೋದದ್ದು ಸಾಲ ಕೊಟ್ಟವರನ್ನು. ಅಭಿಮಾನಿ ಟಿಕೆಟ್ ಕೊಳ್ಳುತ್ತಾನೆ, ಸಾಲ ಕೊಟ್ಟವನು ತೂಕ ಕೇಳುತ್ತಾನೆ.

ಅಮೆರಿಕದವರು ಎಲ್ಲವನ್ನೂ ಕಾಪಾಡುತ್ತಾರೆ ಎಂಬುದೂ ಸುಳ್ಳು. 'ಪ್ಲೇಬಾಯ್' ಪತ್ರಿಕೆಯ ಹ್ಯೂ ಹೆಫ್ನರನ ಕಪ್ಪು ಬಣ್ಣದ ಡಿಸಿ-9 ವಿಮಾನವನ್ನು 1970ರ ದಶಕದ ನಡುವೆ ಮಾರಿದರು. ಅದು ಮೆಕ್ಸಿಕೋದಲ್ಲಿ ಸಾಮಾನ್ಯ ಪ್ರಯಾಣಿಕರನ್ನು ಹೊತ್ತು ಸವೆದು, ಈಗ ಕಾದೆರೇತಾ ಎಂಬ ಊರಿನಲ್ಲಿ ಬರೀ ಒಡಲಾಗಿ ಕೂತಿದೆ. ಎಲ್ವಿಸನದೇ ಇನ್ನೊಂದು ವಿಮಾನ, ಒಳಗೆಲ್ಲ ಕೆಂಪು ಮಖಮಲ್ಲಿನ ಜೆಟ್‌ಸ್ಟಾರ್, ನ್ಯೂ ಮೆಕ್ಸಿಕೋದ ರಾಸ್ವೆಲ್ ಮರುಭೂಮಿಯಲ್ಲಿ ದಶಕಗಟ್ಟಲೆ ಎಂಜಿನ್ ಇಲ್ಲದೆ ಬಿದ್ದಿತ್ತು. 2017ರಲ್ಲಿ 4,30,000 ಡಾಲರಿಗೆ ಹೋದದ್ದು 2023ರಲ್ಲಿ 2,60,000ಕ್ಕೆ ಇಳಿಯಿತು. ಕೊಂಡ ಯೂಟ್ಯೂಬರ್ ರೆಕ್ಕೆ ತೆಗೆಸಿ, ರಸ್ತೆಯ ಮೇಲೆ ಓಡುವ ಮನೆಯಾಗಿ ಮಾಡಿದ. ಅವರಿಗೆ ಒಣ ಮರುಭೂಮಿ ಇದೆ, ವಿಮಾನವನ್ನು ಅಲ್ಲಿ ಮರೆತುಬಿಡಬಹುದು. ಮುಂಬೈಯ ಉಪ್ಪುಗಾಳಿಗೆ, ಮಳೆಗೆ ಅಂಥ ಸೌಜನ್ಯವಿಲ್ಲ.

ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಮಲ್ಯರ ವಿಮಾನ ಮುಂಬೈಯಲ್ಲಿ ನಿಂತದ್ದು ನಾಲ್ಕು ಮಳೆಗಾಲ! ಹಾರದೆ ನಿಂತ ವಿಮಾನ ದಿನವೂ ಸೋರುತ್ತದೆ. ಸೀಲುಗಳು ಒಣಗುತ್ತವೆ, ಲೋಹ ತುಕ್ಕು ಹಿಡಿಯುತ್ತದೆ, ತಪಾಸಣೆಯ ಗಡುವುಗಳು ಒಂದೊಂದಾಗಿ ದಾಟುತ್ತವೆ. ಮತ್ತೆ ಹಾರಿಸಬೇಕಾದರೆ ಪ್ರತಿ ತಪ್ಪಿದ ಗಡುವಿಗೂ ಹಣ ತೆರಬೇಕು. ಇಲ್ಲಿ ಕಂತು ತಪ್ಪಿದ ವಿಮಾನವನ್ನು ಸಾಲ ಕೊಟ್ಟವರು ಎಳೆದೊಯ್ದು ಬಿಸಿಯಿರುವಾಗಲೇ ಮಾರುತ್ತಾರೆ. ಅದೊಂದು ಕಸುಬು, ದಯೆ ದಾಕ್ಷಿಣ್ಯ ಇಲ್ಲ. ನಮ್ಮಲ್ಲಿ ಜಪ್ತಿ ಮಾಡುವ ಉತ್ಸಾಹ ಮಾರುವಾಗ ಇರುವುದಿಲ್ಲ. ಕಿಂಗ್‌ಫಿಷರಿಗೆ ವಿಮಾನ ಬಾಡಿಗೆಗೆ ಕೊಟ್ಟಿದ್ದವರು ತಮ್ಮ ವಿಮಾನಗಳನ್ನು ಹಿಂದಕ್ಕೆ ಪಡೆಯಲು ಪಟ್ಟ ಪಾಡೂ ಸಣ್ಣದಲ್ಲ. ಅಂಥವರ ಹಕ್ಕನ್ನು ಕಾಯುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2008ರಲ್ಲೇ ಸೇರಿದ್ದರೂ ಅದಕ್ಕೆ ತಕ್ಕ ಕಾನೂನು ಸಂಸತ್ತಿನಲ್ಲಿ ಅಂಗೀಕಾರವಾದದ್ದು 2025ರಲ್ಲಿ.

ಇದನ್ನೆಲ್ಲ ವಿವರಿಸುತ್ತ ಅಮ್ಮನನ್ನು ವಿಮಾನದ ಮೆಟ್ಟಿಲಿಳಿಸಿದೆ. ಅವಳು ಚಕ್ರದ ಬಳಿ ನಿಂತು, "ಇದಕ್ಕೆ ಗಾಳಿ ಯಾರು ಹೊಡೆಯುತ್ತಾರೆ?" ಎಂದು ಕೇಳಿದಳು. ಊರಿನ ನಮ್ಮ ಮನೆಯ ಹಿತ್ತಲಿನಲ್ಲಿ ಅಪ್ಪನ ಸ್ಕೂಟರ್ ಟಾರ್ಪಾಲಿನಡಿ ಹನ್ನೊಂದು ವರ್ಷಗಳಿಂದ ನಿಂತಿದೆ. ಗುಜರಿಯವನು ಕೇಳುವ ಬೆಲೆ ವರ್ಷಕ್ಕೊಮ್ಮೆ ಇಳಿಯುತ್ತಿದೆ, ಅಮ್ಮ ಕೊಡುತ್ತಿಲ್ಲ. ಊರು ಮುಟ್ಟಿದ ವಾರಕ್ಕೆ ಫೋನ್ ಮಾಡಿದಳು.

"ಸ್ಕೂಟರಿಗೆ ಗಾಳಿ ಹೊಡೆಸಿದೆ. ಹಿಂದಿನ ಚಕ್ರದಲ್ಲಿ ನಿಲ್ಲಲಿಲ್ಲ."