ಹೆಸರೇ ಕೇಳದ ದೇಶಕ್ಕೆ 50 ಪರ್ಸೆಂಟ್ ಸುಂಕ

2025ರ ಮಾರ್ಚ್‌ನಲ್ಲಿ ಟ್ರಂಪ್ ಅಮೆರಿಕದ ಸಂಸತ್ತಿನಲ್ಲಿ ಭಾಷಣ ಮಾಡುತ್ತಾ, ಆಫ್ರಿಕಾದಲ್ಲಿ ಲೆಸೋಥೋ ಅಂತ ಒಂದು ದೇಶ, ಅದರ ಹೆಸರನ್ನು ಯಾರೂ ಕೇಳಿಯೇ ಇಲ್ಲ ಅಂದರು. ಸಭೆ ನಕ್ಕಿತು. ತಿಂಗಳು ತುಂಬುವ ಮೊದಲೇ, ಏಪ್ರಿಲ್ 2ರಂದು, ಅಮೆರಿಕವನ್ನು ಲೂಟಿ ಹೊಡೆಯುವವರ ಪಟ್ಟಿ ಹೊರಬಿತ್ತು. ಚೀನಾಗೆ 34 ಪರ್ಸೆಂಟ್ ಸುಂಕ, ನಮಗೆ 26, ಲೆಸೋಥೋಗೆ 50! ಪೆಂಗ್ವಿನ್‌ಗಳನ್ನು ಬಿಟ್ಟರೆ ಯಾರೂ ಇಲ್ಲದ ಹರ್ಡ್ ದ್ವೀಪಕ್ಕೂ 10 ಬಿತ್ತು ಅನ್ನಿ.

ಅಷ್ಟು ದೊಡ್ಡ ಲೂಟಿ ಏನಪ್ಪಾ ಅಂದರೆ, ಜೀನ್ಸ್. ಸುತ್ತಲೂ ದಕ್ಷಿಣ ಆಫ್ರಿಕಾ, ನಡುವೆ ಗುಡ್ಡಗಾಡು, ಇಪ್ಪತ್ತು ಲಕ್ಷ ಚಿಲ್ಲರೆ ಜನ. ಅಲ್ಲಿನ ಹೆಂಗಸರು ಫ್ಯಾಕ್ಟರಿಯಲ್ಲಿ ಕೂತು ಅಮೆರಿಕನ್ನರಿಗೆ ಲೀವೈಸ್ ಹೊಲಿಯುತ್ತಾರೆ. ಸುಂಕ ಬೇಡ, ಸುಮ್ನೆ ಕಳಿಸಿ ಅಂತ 2000ದಲ್ಲಿ ಕಾನೂನು ಮಾಡಿ ಕರೆದದ್ದೂ ಅಮೆರಿಕವೇ.

ಈ 50 ಎಲ್ಲಿಂದ ಬಂತು? 2024ರಲ್ಲಿ ಅಮೆರಿಕ ಲೆಸೋಥೋದಿಂದ ಕೊಂಡದ್ದು ಸುಮಾರು 23.7 ಕೋಟಿ ಡಾಲರ್ ಮಾಲು. ಮಾರಿದ್ದು ಬರೀ 28 ಲಕ್ಷದ್ದು. ಎರಡರ ನಡುವಿನ ಕೊರತೆಯನ್ನು ಕೊಂಡ ಮೊತ್ತದಿಂದ ಭಾಗಿಸಿದರು, 99 ಪರ್ಸೆಂಟ್ ಬಂತು. ಲೆಸೋಥೋ ನಮ್ಮ ಮೇಲೆ ಹಾಕುವ ಸುಂಕ ಇದೇ ಅಂತ ಬರೆದುಕೊಂಡರು. ಪಾಪ ಅಂತ ಅರ್ಧ ಬಿಟ್ಟರು. ಇಷ್ಟು ಸಲೀಸಾಗಿದ್ದರೆ ಮರ್ಯಾದೆ ಇರಲ್ಲ ಅಲ್ವಾ? ಅದಕ್ಕೆ ಸೂತ್ರದ ಕೆಳಗಡೆ ಎಪ್ಸಿಲಾನ್, ಫೈ ಅಂತ ಎರಡು ಗ್ರೀಕ್ ಅಕ್ಷರ ಸೇರಿಸಿದರು. ಒಂದರ ಬೆಲೆ 4, ಇನ್ನೊಂದರದ್ದು 0.25. ಗುಣಿಸಿ ನೋಡಿ, 1 ಬರುತ್ತೆ! ಬಂದದ್ದೂ ಆಯ್ತು, ಏನೂ ಮಾಡದೆ ಹೋದದ್ದೂ ಆಯ್ತು.

ಕಾರ್ ಶೋರೂಮ್ ಸಾಹುಕಾರರು ಬಾಗಿಲಿಗೆ ಬರುವ ಸೊಪ್ಪಿನ ಅಜ್ಜಿಯನ್ನು ಗದರಿದ ಹಾಗಿದೆ ಇದು: "ದಿನಾ ಇಪ್ಪತ್ತು ರೂಪಾಯಿ ಸೊಪ್ಪು ತಗೋತೀನಿ, ನೀನು ಇವತ್ತಿನವರೆಗೆ ನನ್ನ ಹತ್ರ ಒಂದು ಕಾರ್ ತಗೊಂಡಿದ್ದೀಯಾ?"

ಅಜ್ಜಿಗೆ ಬುದ್ಧಿ ಬಂತು. ಅದೇ ಏಪ್ರಿಲ್‌ನಲ್ಲಿ ಲೆಸೋಥೋ ಎಲಾನ್ ಮಸ್ಕ್ ಅವರ ಉಪಗ್ರಹ ಇಂಟರ್ನೆಟ್ ಕಂಪನಿ ಸ್ಟಾರ್‌ಲಿಂಕ್‌ಗೆ 10 ವರ್ಷದ ಲೈಸೆನ್ಸ್ ಕೊಟ್ಟಿತು. ಮಸ್ಕ್ ಆಗ ಟ್ರಂಪ್ ಸರ್ಕಾರದಲ್ಲೇ ಓಡಾಡಿಕೊಂಡಿದ್ದರು. ಎರಡಕ್ಕೂ ಸಂಬಂಧ ಇದೆ ಅಂತ ನಾನೇನೂ ಹೇಳುತ್ತಿಲ್ಲಪ್ಪ. ಜುಲೈ ಹೊತ್ತಿಗೆ ಆರ್ಡರ್‌ಗಳು ನಿಂತು, ಕೆಲಸ ಹೋಗಿ, ಅಲ್ಲಿನ ಸರ್ಕಾರ ನಿರುದ್ಯೋಗವನ್ನೇ ರಾಷ್ಟ್ರೀಯ ವಿಪತ್ತು ಅಂತ ಸಾರಿತು. ತಿಂಗಳ ಕೊನೆಯಲ್ಲಿ ವಾಷಿಂಗ್ಟನ್ ದೊಡ್ಡ ಮನಸ್ಸು ಮಾಡಿ 50 ಅನ್ನು 15ಕ್ಕೆ ಇಳಿಸಿತು.

ಉಳಿದ ಕೊರತೆ ತೀರಿಸುವುದು ಏನು ಮಹಾ? ಒಂದೆರಡು ದೊಡ್ಡ ಬೋಯಿಂಗ್ ವಿಮಾನ ಕೊಂಡರೆ ಲೆಕ್ಕ ಚುಕ್ತಾ. ಜೀನ್ಸ್ ಹೊಲಿಯುತ್ತಿದ್ದ ಹೆಂಗಸರು ಸೇರಿ ಒಂದು ಚೀಟಿ ಹಾಕಿಕೊಳ್ಳಲಿ.